ಸಾರಥಿಯ ಕಣ್ಣೂ ಷೇರಿನ ಪೇಟೆಯೂ

ಗೃಹಸ್ಥನಾದವನಿಗೆ ಬುದ್ಧಿ ಹೇಳುವವರು ಎರಡು ಕಾಲಗಳಲ್ಲಿ ಕರೆಯದೆಯೇ ಬಂದು ಸೇರುವರು: ಮನೆಯಲ್ಲಿ ಕಾಯಿಲೆಯವರಿದ್ದಾಗ ಒಮ್ಮೆ, ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಇನ್ನೊಮ್ಮೆ. ಕಾಯಿಲೆಗೆ ಕಷಾಯ ಹೇಳಿದವನು ಅದು ಫಲಿಸದಿದ್ದರೆ ಮತ್ತೊಂದು ಕಷಾಯವನ್ನು ಹೇಳಬಹುದು. ಹಣಕ್ಕೆ ದಾರಿ ಹೇಳಿದವನು, ಆ ಹಣ ಹೋದ ಮೇಲೆ, ಆ ಬೀದಿಯಲ್ಲಿಯೇ ಕಾಣಿಸಿಕೊಳ್ಳುವುದಿಲ್ಲ. ಆದುದರಿಂದ ನಾವು ಇದುವರೆಗೆ ಈ ಪುಟದಲ್ಲಿ ಹಣದ ವಿಷಯವನ್ನು ಎತ್ತಿದವರಲ್ಲ. ಈ ತಿಂಗಳು ಎತ್ತಬೇಕಾಗಿ ಬಂದಿದೆ. ಅದರ ಕಾರಣವನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಹಳೆಯ ಶಿಷ್ಯರಲ್ಲಿ ಒಡಹುಟ್ಟಿದವರಿಬ್ಬರಿದ್ದಾರೆ. ಹಿರಿಯನು, ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ ನಮ್ಮ ಕೈಯಲ್ಲಿ ಸಂಸ್ಕೃತ ಕಲಿತವನು; ಈಗ ಐವತ್ತನ್ನು ಮುಟ್ಟಿ, ಒಂದು ಕಛೇರಿಯಲ್ಲಿ ಗುಮಾಸ್ತನಾಗಿದ್ದಾನೆ. ಕಿರಿಯನಿಗೆ ಶಬ್ದರೂಪಗಳು ಹತ್ತಲಿಲ್ಲ. ಆದರೆ ಕೆಟ್ಟು ನಿಂತ ಗಾಡಿಯನ್ನು ನಡೆಯಿಸುವ ಕೈ ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ಅವನು ಲಾರಿಯ ಡ್ರೈವರಾಗಿ ಇಪ್ಪತ್ತು ವರ್ಷಗಳಿಂದ ಬೆಂಗಳೂರು ಪುಣೆಗಳ ನಡುವಣ ದಾರಿಯನ್ನು ಸವೆಸುತ್ತಿದ್ದಾನೆ. ತಂದೆಯ ಕಾಲಾನಂತರ ಊರಿನ ತೆಂಗಿನ ತೋಟವನ್ನು ಮಾರಿ ಬಂದ ಹಣವು ಇಬ್ಬರ ಹೆಸರಿನಲ್ಲಿಯೂ ಬ್ಯಾಂಕಿನಲ್ಲಿದೆ. ಹಿರಿಯನ ಮಗನು ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವನು. ಅವನು ತಂದೆಗೆ ತಿಳಿಸಿದುದೇನೆಂದರೆ: “ವಾಹನ ನಡೆಸುವವರ ಕಣ್ಣನ್ನು ಕಾಯುವ ಯಂತ್ರಗಳನ್ನು ಮಾಡುವ ಕಂಪೆನಿಗಳಿವೆ. ಯೂರೋಪಿನಲ್ಲಿ ಹೊಸ ಕಾರುಗಳಿಗೆಲ್ಲ ಆ ಯಂತ್ರ ಬೇಕೆಂದು ಕಾನೂನಾಗಿದೆ. ಲಂಡನ್ನಿನ ಪೇಟೆಯಲ್ಲಿ ಒಂದು ಕಂಪೆನಿಯ ಷೇರು ಕೆಲವೇ ಪೆನ್ನಿಗಳಿಗೆ ದೊರೆಯುವುದು. ತೋಟದ ಹಣವನ್ನು ಅದರಲ್ಲಿ ಹಾಕೋಣ.”

ಹಿರಿಯನು ಈ ಮಾತನ್ನು ತಮ್ಮನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣಾ, ಅಂಥ ಯಂತ್ರ ನನ್ನ ಲಾರಿಯಲ್ಲಿಯೇ ಇದೆ. ನನ್ನ ಕಣ್ಣನ್ನು ಕಾಯುವುದಕ್ಕೆ ನನ್ನ ಪಾಲಿನ ಹಣವನ್ನೇ ಹಾಕುತ್ತೀಯಾ?” ಎಂದನಂತೆ. ಆ ಮಾತಿಗೆ ಉತ್ತರ ತೋರದೆ ಹಿರಿಯನು ನಮ್ಮಲ್ಲಿಗೆ ಬಂದನು. “ಹಾಕಬಹುದೋ, ಬಾರದೋ, ನೀವು ಹೇಳಿದಂತೆ ಆಗಲಿ, ಮೇಷ್ಟ್ರೇ” ಎಂದನು.

ಷೇರಿನ ಪೇಟೆಯಲ್ಲಿ ನಮಗೆ ಪಾಂಡಿತ್ಯವಿಲ್ಲ. ಆದರೆ ತಿಳಿಯದ ಶ್ಲೋಕವನ್ನು ಅನ್ವಯಿಸುವ ಕ್ರಮವೊಂದುಂಟು: ಮೊದಲು ಪದಗಳನ್ನು ಬಿಡಿಸುವುದು, ಆಮೇಲೆ ಕ್ರಿಯಾಪದವೆಲ್ಲಿದೆಯೆಂದು ಹುಡುಕುವುದು, ಕೊನೆಗೆ ತಾತ್ಪರ್ಯ. ಅದೇ ಕ್ರಮದಲ್ಲಿ, ಯಂತ್ರವೆಂದರೇನು, ಅದಕ್ಕೆ ಹಣ ಬರುವ ದಾರಿ ಯಾವುದು, ಅದರಿಂದ ಯಾರಿಗೆ ಏನು ಎಂಬುದನ್ನು ವಿಚಾರಿಸೋಣವೆಂದು ಹೇಳಿ ಒಂದು ವಾರದ ಅವಧಿಯನ್ನು ಕೇಳಿಕೊಂಡೆವು.

ದೇವತೆಗಳಿಗೆ ಅನಿಮಿಷರೆಂದು ಹೆಸರು. ಅವರು ರೆಪ್ಪೆ ಬಡಿಯುವುದಿಲ್ಲ. ಅಮರಕೋಶವು ಇದೇ ಹೆಸರನ್ನು ಮೀನಿಗೂ ಕೊಟ್ಟಿದೆ. ದಮಯಂತಿಯ ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪವನ್ನೇ ಧರಿಸಿ ನಿಂತಾಗ, ಯಾವನು ಬೆವರುವನೋ, ಯಾವನು ರೆಪ್ಪೆ ಬಡಿಯುವನೋ, ಅವನೇ ಮನುಷ್ಯನೆಂದು ಅವಳು ತನ್ನವನನ್ನು ಗುರುತಿಸಿದಳು. ಆ ನಳನೇ ಮುಂದೆ ರಾಜ್ಯಭ್ರಷ್ಟನಾಗಿ, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾದುದು ವಾಚಕರಿಗೆ ತಿಳಿದೇ ಇದೆ. ರೆಪ್ಪೆ ಬಡಿಯುವುದು ಮನುಷ್ಯನ ಲಕ್ಷಣ, ಸಾರಥಿಯಾದರೂ ಮನುಷ್ಯನೇ. ಈಗ ಅವನ ಎದುರಿಗೆ ಅನಿಮಿಷವಾದ ಒಂದು ಕಣ್ಣನ್ನು ಕೂರಿಸಿದ್ದಾರೆ.

ಆ ಕಣ್ಣು ಒಂದು ಪುಟ್ಟ ಕ್ಯಾಮರ. ಸ್ಟಿಯರಿಂಗಿನ ಕಂಬದ ಮೇಲೆಯೋ, ಎದುರಿನ ಹಲಗೆಯ ಮೇಲೆಯೋ, ಕನ್ನಡಿಯ ಬಳಿಯೋ ಅದನ್ನು ಇಟ್ಟಿರುವರು. ಅದರ ಪಕ್ಕದ ದೀಪವು ಅವಕೆಂಪು ಕಿರಣಗಳನ್ನು ಸೂಸುವುದು. ಆ ಬೆಳಕು ನಮ್ಮ ಕಣ್ಣಿಗೆ ಕಾಣದು, ಕ್ಯಾಮರಕ್ಕೆ ಕಾಣುವುದು. ಆದುದರಿಂದ ಕಗ್ಗತ್ತಲೆಯಲ್ಲಿಯೂ ಅದರ ಕೆಲಸ ನಿಲ್ಲದು. ಆ ಬೆಳಕು ಕಣ್ಣಿನ ಹೊರಪೊರೆಯ ಮೇಲೆ ಒಂದು ಚುಕ್ಕಿಯಾಗಿ ಹೊಳೆಯುವುದು. ಆ ಚುಕ್ಕಿಗೂ ಕಣ್ಣಿನ ಪಾಪೆಯ ನಡುವಿಗೂ ಇರುವ ಅಂತರವನ್ನೂ ತಲೆಯ ವಾಲನ್ನೂ ಲೆಕ್ಕ ಹಾಕಿ, ನೋಟವು ರಸ್ತೆಯ ಮೇಲಿದೆಯೋ ತೊಡೆಯ ಮೇಲಿನ ಟೆಲಿಫೋನಿನ ಮೇಲಿದೆಯೋ ಎಂಬುದನ್ನು ಯಂತ್ರವು ತಿಳಿಯುವುದು. ತೂಕಡಿಕೆಯನ್ನು ತಿಳಿಯಲು ರೆಪ್ಪೆಗಳನ್ನು ಅಳೆಯುವುದು. ೧೯೯೪ರಲ್ಲಿ ಅಮೆರಿಕದ ವಿಯರ್‌ವಿಲ್ಲಿ ಎಂಬ ವಿದ್ವಾಂಸನೂ ಅವನ ಸಂಗಡಿಗರೂ ಇದಕ್ಕೊಂದು ಮಾನವನ್ನು ಗೊತ್ತುಮಾಡಿದರು: ಕಾಲದ ಎಷ್ಟು ಭಾಗ ಕಣ್ಣು ಶೇಕಡಾ ೮೦ಕ್ಕೆ ಕಡಿಮೆಯಿಲ್ಲದೆ ಮುಚ್ಚಿತ್ತು ಎಂಬುದೇ ಆ ಮಾನ. ಇದಕ್ಕೆ ಪರ್‌ಕ್ಲೋಸ್ ಎಂದು ಹೆಸರು.

ಮಕ್ಕಳ ಕಣ್ಣನ್ನು ನೋಡುತ್ತಲೇ ಆಯುಸ್ಸನ್ನು ಕಳೆದ ನಾವು ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ಮಧ್ಯಾಹ್ನದ ಊಟದ ನಂತರದ ಪಾಠದಲ್ಲಿ ಕಣ್ಣು ಮುಚ್ಚಿದ ಹುಡುಗನನ್ನು ಯಾವ ಉಪಾಧ್ಯಾಯನಾದರೂ ಹಿಡಿಯಬಲ್ಲನು. ಕಣ್ಣನ್ನು ಕಪ್ಪುಹಲಗೆಯ ಮೇಲೆಯೇ ನೆಟ್ಟು, ಮನಸ್ಸನ್ನು ಮಾವಿನ ತೋಪಿಗೆ ಕಳುಹಿಸಿದ ಹುಡುಗನನ್ನು ಹಿಡಿಯುವುದು ಕಷ್ಟ. ಯಂತ್ರದ ಮಿತಿಯೂ ಇಲ್ಲಿಯೇ ಇದೆ. ಕಣ್ಣು ತೆರೆದಿದೆಯೆಂಬುದನ್ನು ಅದು ಬಲ್ಲದು. ಮನೆಯ ಸಾಲದ ಚಿಂತೆಯಲ್ಲಿ ಮುಳುಗಿದವನು ಎದುರಿನ ಗಾಡಿಯನ್ನು ಕಂಡೂ ಕಾಣದಿರುವುದನ್ನು ಅದು ನೆಚ್ಚುವಂತೆ ಅರಿಯಲಾರದು.

ಕಣ್ಣಿನ ಓಟವನ್ನು ಅಳೆಯುವ ವಿದ್ಯೆ ಹುಟ್ಟಿದುದು ರಸ್ತೆಯಲ್ಲಲ್ಲ, ಓದುವ ಮೇಜಿನ ಬಳಿ. ಎಡ್ಮಂಡ್ ಹ್ಯೂಯಿ ಎಂಬ ಅಮೆರಿಕದ ಪಂಡಿತನು ಓದುವವನ ಕಣ್ಣಿನ ಮೇಲೆ ಗಾರೆಯ ಪುಟ್ಟ ಬಟ್ಟಲನ್ನು ಕೂರಿಸಿ, ಅದಕ್ಕೆ ಹಗುರವಾದ ಕಡ್ಡಿಯನ್ನು ಸೇರಿಸಿ, ಕಣ್ಣು ಹೇಗೆ ಹರಿಯುವುದೆಂಬುದನ್ನು ಗೀಚಿಸಿ ನೋಡಿದನು. ೧೯೦೮ರಲ್ಲಿ ಓದಿನ ಮನಶ್ಶಾಸ್ತ್ರವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಆಮೇಲೆ ಸೋವಿಯತ್ ದೇಶದ ಯಾರ್ಬುಸ್ ಎಂಬವನು ಒಂದೇ ಚಿತ್ರಪಟವನ್ನು ಮುಂದಿಟ್ಟು ಬೇರೆಬೇರೆ ಪ್ರಶ್ನೆಗಳನ್ನು ಕೇಳಿ, ಪ್ರಶ್ನೆ ಬದಲಾದರೆ ಕಣ್ಣು ಹರಿಯುವ ದಾರಿಯೇ ಬದಲಾಗುವುದೆಂದು ತೋರಿಸಿದನು. ಅವನ ಗ್ರಂಥವು ೧೯೬೭ರಲ್ಲಿ ಇಂಗ್ಲಿಷಿನಲ್ಲಿ ಬಂದಿತು. ನಾವು ಏನನ್ನು ಕಾಣುವೆವೆಂಬುದು ನಾವು ಏನನ್ನು ಕೇಳಿಕೊಂಡು ನೋಡುವೆವೆಂಬುದರ ಮೇಲೆ ನಿಂತಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಉಪಯೋಗವಿದೆ.

ಇನ್ನು ಹಣದ ದಾರಿ. ಈ ವಿದ್ಯೆಯನ್ನು ವ್ಯಾಪಾರಕ್ಕೆ ತಂದ ಮೂರು ಕಂಪೆನಿಗಳು ಹೆಚ್ಚುಕಡಮೆ ಒಂದೇ ಕಾಲದಲ್ಲಿ ಹುಟ್ಟಿದವು: ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ೧೯೯೯ರಲ್ಲಿ ಸ್ಮಾರ್ಟ್ ಐ, ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ೨೦೦೦ದಲ್ಲಿ ಸೀಯಿಂಗ್ ಮಷೀನ್ಸ್, ಸ್ವೀಡನ್ನಿನಲ್ಲಿಯೇ ೨೦೦೧ರಲ್ಲಿ ಟೋಬಿ. ಎರಡನೆಯದು ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಸಂಶೋಧನೆಯಿಂದ ಮೂಡಿ, ೨೦೦೫ರಲ್ಲಿ ಲಂಡನ್ನಿನ ಸಣ್ಣ ಕಂಪೆನಿಗಳ ಪೇಟೆಯಾದ ಏಮ್‌ಗೆ ಸೇರಿತು. ಹಿರಿಯನ ಮಗನು ಹೇಳಿದುದು ಇದನ್ನೇ. ಇದರ ಯಂತ್ರಗಳಿಗೆ ಗಿರಾಕಿಗಳಾದವರಲ್ಲಿ ಗಣಿಗಳವರೂ ಸೇರಿದ್ದರು. ಮನೆಯಷ್ಟು ಎತ್ತರದ ಲಾರಿಗಳನ್ನು ಹಗಲಿರುಳೂ ಒಂದೇ ದಾರಿಯಲ್ಲಿ ನಡೆಸುವವರಿಗೆ ನಿದ್ರೆ ಹತ್ತುವುದು ಸಹಜ. ೨೦೧೩ರಲ್ಲಿ ಕ್ಯಾಟರ್‌ಪಿಲ್ಲರ್ ಎಂಬ ದೊಡ್ಡ ಕಂಪೆನಿ ಇದರೊಡನೆ ಒಪ್ಪಂದ ಮಾಡಿಕೊಂಡಿತು. ೨೦೧೭ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನವರು, ಹೆದ್ದಾರಿಯಲ್ಲಿ ಸ್ಟಿಯರಿಂಗಿನಿಂದ ಕೈ ತೆಗೆದು ಕೂರಬಹುದಾದ ಕಾರನ್ನು ಹೊರಡಿಸಿದಾಗ ಅದರಲ್ಲಿಯೂ ಈ ಕಣ್ಣನ್ನು ಇಟ್ಟರು. ಕೈ ಬಿಡಬಹುದು, ಕಣ್ಣು ಬಿಡಬಾರದು ಎಂಬುದು ಆ ಕಾರಿನ ಕಟ್ಟಳೆ.

ಬಂಡವಾಳಗಾರರು ನಿಜವಾಗಿ ಕಿವಿ ನಿಮಿರಿಸಿದುದು ಕಾನೂನು ಬಂದಾಗ. ಯೂರೋಪಿನ ಒಕ್ಕೂಟವು ೨೦೧೯ರಲ್ಲಿ ವಾಹನಗಳ ಸುರಕ್ಷತೆಯನ್ನು ಕುರಿತು ಒಂದು ನಿಬಂಧನೆಯನ್ನು ಮಾಡಿತು. ತೂಕಡಿಕೆಯ ಎಚ್ಚರಿಕೆಯು ಹೊಸ ಮಾದರಿಗಳಿಗೆ ೨೦೨೨ರ ಜುಲೈಯಿಂದ, ಎಲ್ಲ ಹೊಸ ವಾಹನಗಳಿಗೆ ೨೦೨೪ರ ಜುಲೈಯಿಂದ ಇರಬೇಕು. ನೋಟವು ರಸ್ತೆಯಿಂದ ತಪ್ಪಿದರೆ ಎಚ್ಚರಿಸುವ ಏರ್ಪಾಡು ಹೊಸ ಮಾದರಿಗಳಿಗೆ ೨೦೨೪ರ ಜುಲೈಯಿಂದ, ಎಲ್ಲ ಹೊಸ ವಾಹನಗಳಿಗೆ ೨೦೨೬ರ ಜುಲೈಯಿಂದ ಇರಬೇಕು ಎಂದು ಅದು ದಿನಗಳನ್ನು ಗೊತ್ತುಮಾಡಿತು. ಗಂಟೆಗೆ ೫೦ ಕಿಲೋಮೀಟರಿನ ವೇಗದಲ್ಲಾಗಲಿ ಅದಕ್ಕೆ ಮಿಕ್ಕಾಗಲಿ ಹೋಗುವವನು ಮೂರೂವರೆ ಸೆಕೆಂಡಿಗಿಂತ ಹೆಚ್ಚಾಗಿ ಕೆಳಗೆ ನೋಡುತ್ತಿದ್ದರೆ ಯಂತ್ರವು ಕೂಗಬೇಕು. ಮೂರೂವರೆ ಸೆಕೆಂಡು ಅಲ್ಪವೆಂದು ತೋರಬಹುದು. ಆ ಅವಧಿಯಲ್ಲಿ ೫೦ರ ವೇಗದ ಕಾರು ಸುಮಾರು ೪೯ ಮೀಟರು ಮುಂದೆ ಹೋಗಿರುವುದು. ಕಾರುಗಳ ಸುರಕ್ಷತೆಗೆ ನಕ್ಷತ್ರಗಳನ್ನು ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯೂ ೨೦೨೩ರಿಂದ ಈ ಕಣ್ಣಿಗೆ ಅಂಕಗಳನ್ನು ಕೊಡತೊಡಗಿತು. ಅಂಕವಿದೆಯೆಂದು ತಿಳಿದ ಮೇಲೆ ಯಾವ ವಿದ್ಯಾರ್ಥಿ ತಾನೆ ಆ ಪಾಠವನ್ನು ಬಿಟ್ಟಾನು?

ಹೀಗೆ ಕಾನೂನೇ ಗಿರಾಕಿಯನ್ನು ಅಂಗಡಿಗೆ ಕರೆತಂದು ಬಿಟ್ಟಮೇಲೆ ಲಾಭಕ್ಕೆ ಸಂದೇಹವೇನು ಎಂದು ಹಿರಿಯನು ಕೇಳಿದನು. ಸಂದೇಹವಿರುವುದು ಅಲ್ಲಿಯೇ. ಕಾನೂನು ಅಂಗಡಿಬೀದಿಗೆ ಜನವನ್ನು ಕರೆತರಬಲ್ಲದು. ಇಂಥ ಅಂಗಡಿಗೇ ಹೋಗಿರೆಂದು ಹೇಳುವುದಿಲ್ಲ. ಅದೂ ಅಲ್ಲದೆ, ಕಾನೂನಿನ ದಿನ ನಮಗೆ ತಿಳಿದಂತೆ ಲೋಕಕ್ಕೆಲ್ಲ ತಿಳಿದಿದೆ. ತಿಳಿದವರು ಮೊದಲೇ ಕೊಂಡು ಬೆಲೆಯನ್ನು ಏರಿಸಿರುವರು. ಕಾರು ಮಾಡುವವರು ಈ ಕಣ್ಣನ್ನು ಒಪ್ಪಿಕೊಂಡ ದಿನಕ್ಕೂ ಆ ಕಾರು ಬೀದಿಗೆ ಬರುವ ದಿನಕ್ಕೂ ಹಲವು ವರ್ಷಗಳ ಅಂತರವುಂಟು. ಬಂದ ಮೇಲೆಯೂ ಕಣ್ಣಿನ ಲೆಕ್ಕವನ್ನು ಬರೆದುಕೊಟ್ಟ ಕಂಪೆನಿಗೆ ಒಂದು ಕಾರಿಗೆ ಸಿಕ್ಕುವುದು ಕೆಲವೇ ಡಾಲರು. ಅಲ್ಲಿಯವರೆಗೆ ಕೆಲಸಗಾರರಿಗೆ ಸಂಬಳ ಕೊಡಬೇಕಷ್ಟೆ? ಅದಕ್ಕಾಗಿ ಕಂಪೆನಿಯು ಮತ್ತೆಮತ್ತೆ ಹೊಸ ಷೇರುಗಳನ್ನು ಮಾರುವುದು. ಕ್ಯಾನ್‌ಬೆರಾದ ಕಂಪೆನಿಯ ಷೇರುಗಳ ಸಂಖ್ಯೆ ನಾನೂರು ಕೋಟಿಯನ್ನು ಮೀರಿತು. ನೆಂಟರು ಬಂದಂತೆಲ್ಲ ಮಜ್ಜಿಗೆಗೆ ನೀರು ಸೇರಿಸುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಪಾತ್ರೆ ತುಂಬಿಯೇ ಕಾಣುವುದು. ಮೊದಲು ಕುಳಿತವನ ಎಲೆಗೆ ಬಿದ್ದ ರುಚಿ ಮಾತ್ರ ಉಳಿದಿರುವುದಿಲ್ಲ.

ಉದಾಹರಣೆಗಳು ಕಣ್ಣೆದುರಿಗಿವೆ. ಸ್ಮಾರ್ಟ್ ಐ ೨೦೧೬ರಲ್ಲಿ ಸ್ವೀಡನ್ನಿನ ಪೇಟೆಗೆ ಬಂದು, ೨೦೨೧ರಲ್ಲಿ ಅಫೆಕ್ಟಿವಾ ಎಂಬ ಅಮೆರಿಕದ ಕಂಪೆನಿಯನ್ನು ೭.೩೫ ಕೋಟಿ ಡಾಲರಿಗೆ ಕೊಂಡಿತು. ಆ ವರ್ಷ ಅದರ ಷೇರು ಬಹಳ ಮೇಲಕ್ಕೆ ಹೋಗಿ, ಮರುವರ್ಷವೇ ಬಹುಭಾಗ ಕುಸಿಯಿತು. ಕಾನೂನು ಬದಲಾಗಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಬದಲಾದುದು ಪೇಟೆಯ ಮನಸ್ಸು. ಟೋಬಿಯ ಕಥೆ ಇನ್ನೂ ವಿಚಿತ್ರ. ಕೈಯೂ ನಾಲಿಗೆಯೂ ಆಡದ ರೋಗಿಗಳು ಕಣ್ಣಿನಿಂದಲೇ ಅಕ್ಷರಗಳನ್ನು ಆರಿಸಿ ಮಾತನಾಡುವಂತೆ ಮಾಡುವ ಭಾಗವನ್ನು ಅದು ೨೦೨೧ರ ಡಿಸೆಂಬರಿನಲ್ಲಿ ಟೋಬಿ ಡೈನಾವಾಕ್ಸ್ ಎಂಬ ಹೆಸರಿನಿಂದ ಬೇರೆ ಮಾಡಿತು. ಮುಂದಿನ ವರ್ಷಗಳಲ್ಲಿ ಮೂಕರಿಗೆ ಮಾತು ಕೊಟ್ಟ ಆ ಭಾಗದ ಷೇರು ಏರಿತು. ಕಾರುಗಳ ಕಡೆಗೂ ಕೈಚಾಚಿದ ಮೂಲ ಕಂಪೆನಿಯದು ಇಳಿಯಿತು. ಒಂದೇ ವಿದ್ಯೆ, ಒಂದೇ ಮನೆ, ಎರಡು ಅದೃಷ್ಟ. ಯಾವುದನ್ನು ಕೊಳ್ಳಬೇಕಾಗಿತ್ತೆಂದು ಇಂದು ಯಾರಾದರೂ ಹೇಳಬಲ್ಲರು.

ಹಾಗೆಂದು ಇದು ಬರಿಯ ಗಾಳಿಗೋಪುರವೆಂದೂ ನಾವು ಹೇಳುವಂತಿಲ್ಲ. ೨೦೨೨ರಲ್ಲಿ ಕಾರಿನ ಭಾಗಗಳನ್ನು ಮಾಡುವ ಕೆನಡಾದ ಮ್ಯಾಗ್ನಾ ಕಂಪೆನಿಯು ಸೀಯಿಂಗ್ ಮಷೀನ್ಸ್‌ಗೆ ಹಣವನ್ನು ಒದಗಿಸಿತು. ೨೦೨೪ರ ಕೊನೆಯಲ್ಲಿ ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ ಮೊಬಿಲಿಟಿಯವರು ಅದರ ಸುಮಾರು ಐದನೆಯ ಒಂದು ಪಾಲನ್ನು ಕೊಳ್ಳಲು ಮುಂದೆ ಬಂದರು. ನಮ್ಮ ನಾಡಿಗೂ ಇದರ ನಂಟಿದೆ. ೨೦೧೫ರಲ್ಲಿ ಹುಟ್ಟಿದ ನೆಟ್ರಡೈನ್ ಎಂಬ ಕಂಪೆನಿಯು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿಯೂ ಬೆಂಗಳೂರಿನಲ್ಲಿಯೂ ನೆಲೆಯೂರಿ ಲಾರಿ ವ್ಯಾನುಗಳ ಕ್ಯಾಮರಗಳನ್ನು ಮಾಡುವುದು. ೨೦೨೫ರ ಜನವರಿಯಲ್ಲಿ ಅದಕ್ಕೆ ಬಂಡವಾಳಗಾರರಿಂದ ೯ ಕೋಟಿ ಡಾಲರು ದೊರೆಯಿತು. ಭಾರತ ಸರ್ಕಾರದ ರಸ್ತೆ ಸಾರಿಗೆ ಮಂತ್ರಾಲಯವು ೨೦೨೫ರ ಮಾರ್ಚಿಯಲ್ಲಿ, ದೊಡ್ಡ ಬಸ್ಸು ಲಾರಿಗಳಿಗೆ ತೂಕಡಿಕೆಯ ಎಚ್ಚರಿಕೆ ಬೇಕೆಂಬ ಕರಡು ನಿಯಮವನ್ನು ಪ್ರಕಟಿಸಿತು. ದೊಡ್ಡವರು ಹೂಡುವುದಕ್ಕೆ ಅರ್ಥವಿಲ್ಲದಿಲ್ಲ. ಆದರೆ ದೊಡ್ಡವರು ಹತ್ತು ಕಡೆ ಹೂಡಿ ಎಂಟು ಕಡೆ ಕಳೆದುಕೊಂಡರೂ ಅವರ ಮನೆಯ ಒಲೆ ಉರಿಯುವುದು. ತೋಟ ಮಾರಿದವನಿಗೆ ಮತ್ತೊಂದು ತೋಟವಿಲ್ಲ.

ಇಷ್ಟಾಗುವ ಹೊತ್ತಿಗೆ ಆದಿತ್ಯವಾರ ಬಂದಿತು. ಕಿರಿಯನು ತಾನಾಗಿಯೇ ನಮ್ಮಲ್ಲಿಗೆ ಬಂದು, ಒಳಗೆ ಬಾರೆಂದರೂ ಬಾರದೆ ಜಗಲಿಯ ಅಂಚಿನಲ್ಲಿ ಕುಳಿತನು. ಕಾಫಿಯಾದ ಮೇಲೆ ಮೆಲ್ಲಗೆ ಹೇಳಿದನು. ಮೂರು ತಿಂಗಳ ಹಿಂದೆ, ಬೆಳಗಿನ ಜಾವದ ಮೂರೂವರೆಯ ಸುಮಾರಿಗೆ, ಬೆಳಗಾವಿಯನ್ನು ದಾಟಿ ನಿಪ್ಪಾಣಿಯ ಕಡೆಗೆ ಹೋಗುತ್ತಿದ್ದಾಗ, ಅವನ ಆಸನವು ಇದ್ದಕ್ಕಿದ್ದಂತೆ ಗಡಗಡನೆ ನಡುಗಿ, ಕಿವಿಯ ಬಳಿ ಕೂಗು ಕೇಳಿಸಿತು. ಕಣ್ಣು ತೆರೆದರೆ ಲಾರಿಯು ದಾರಿಯ ಅಂಚಿಗೆ ಬಂದಿತ್ತು. ಎದುರಿಗೆ ಕೆಟ್ಟು ನಿಂತ ಟ್ರಾಕ್ಟರು. “ಸುಳ್ಳು ಹೇಳಬಾರದು, ಮೇಷ್ಟ್ರೇ. ಆ ಯಂತ್ರ ಅಂದು ನನ್ನನ್ನು ಉಳಿಸಿತು” ಎಂದನು.

ನಾವು ದೇವರ ದಯೆಯೆಂದೆವು. ಅವನು ತಲೆಯಾಡಿಸಿ ಮುಂದುವರಿಸಿದನು. ಹತ್ತು ನಿಮಿಷಕ್ಕೆ ಯಜಮಾನರ ಕಛೇರಿಯಿಂದ ಟೆಲಿಫೋನು ಬಂದಿತು. ಎಚ್ಚರಿಕೆಯಾದೊಡನೆ ಅವನ ಮುಖದ ಚಿತ್ರವು ಅಲ್ಲಿಗೆ ಹೋಗಿ ಮುಟ್ಟಿತ್ತು. ಊರಿಗೆ ಹಿಂದಿರುಗಿದ ಮೇಲೆ ಆ ಪ್ರಯಾಣದ ಭತ್ಯವನ್ನು ಮುರಿದುಕೊಂಡರು. ಆದರೆ ಅದರ ಹಿಂದಿನ ಹಗಲನ್ನೆಲ್ಲ ಅವನು ಸರಕು ತುಂಬುವ ಗೋದಾಮಿನ ಬಾಗಿಲಿನಲ್ಲಿ ಸರತಿಗಾಗಿ ಕಾದು ಕಳೆದಿದ್ದನು. ಅದರ ಹಿಂದಿನ ರಾತ್ರಿಯೂ ದಾರಿಯಲ್ಲಿಯೇ ಇದ್ದನು. ಎರಡು ದಿನಕ್ಕೆ ಸೇರಿ ನಾಲ್ಕು ಗಂಟೆಯ ನಿದ್ರೆ. “ಯಂತ್ರ ನನ್ನ ಕಣ್ಣನ್ನು ನೋಡಿತು, ಮೇಷ್ಟ್ರೇ, ನನ್ನ ಗಡಿಯಾರವನ್ನು ಯಾರೂ ನೋಡಲಿಲ್ಲ. ನಿದ್ರೆ ಬಂದುದು ತಪ್ಪೆಂದು ಬರೆದರು. ನಿದ್ರೆ ಕೊಡದಿದ್ದುದನ್ನು ಎಲ್ಲಿ ಬರೆಯುವುದು?”

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಅವನು ಹೋದ ಮೇಲೆ ಯೋಚಿಸಿದಾಗ, 'ಕಾಯುವುದು' ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳಿರುವುದು ಕಂಡಿತು. ಯೂರೋಪಿನ ನಿಬಂಧನೆಯು ಕಾರಿನ ಕಣ್ಣಿಗೆ ಒಂದು ಗೆರೆಯನ್ನು ಎಳೆದಿದೆ: ಅದು ಕಂಡುದನ್ನು ಎಡೆಬಿಡದೆ ದಾಖಲೆ ಮಾಡಬಾರದು, ಹೊರಗಿನವರ ಕೈಗೆ ಕೊಡಬಾರದು, ಕೆಲಸ ಮುಗಿದೊಡನೆ ಅಳಿಸಿಬಿಡಬೇಕು. ಅಲ್ಲಿ ಯಂತ್ರವು ಸಾರಥಿಗೇ ಹೇಳುವುದು, ಯಜಮಾನನಿಗಲ್ಲ. ಬಾಡಿಗೆಯ ಲಾರಿಗಳಿಗೆ ಕೂರಿಸುವ ಕಣ್ಣು ಬೇರೆ ಬಗೆಯದು. ಅದು ಚಿತ್ರವನ್ನು ದೂರದ ಕಾವಲುಮನೆಗೆ ಕಳುಹಿಸುವುದು. ಅಲ್ಲಿ ಕುಳಿತವರು ನೋಡಿ ಯಜಮಾನನಿಗೆ ತಿಳಿಸುವರು. ೨೦೨೧ರಲ್ಲಿ ಅಮೆರಿಕದ ಅಮೆಜಾನ್ ಕಂಪೆನಿಯ ಸರಕು ಹಂಚುವ ವ್ಯಾನುಗಳಲ್ಲಿ ನೆಟ್ರಡೈನಿನ ಕ್ಯಾಮರಗಳನ್ನು ಇಟ್ಟು, ಡ್ರೈವರುಗಳಿಂದ ಒಪ್ಪಿಗೆಯ ಕಾಗದಕ್ಕೆ ಸಹಿ ಕೇಳಿದಾಗ, ಹಲವು ಡ್ರೈವರುಗಳು ಆಕ್ಷೇಪಿಸಿದರು. ಕೆಲವು ಸೆನೇಟರುಗಳೂ ಪತ್ರ ಬರೆದು ವಿವರಣೆ ಕೇಳಿದರು. ಒಂದೇ ಕ್ಯಾಮರ ಒಂದೆಡೆ ದಾದಿಯಾಗುವುದು, ಇನ್ನೊಂದೆಡೆ ಗೂಢಚಾರನಾಗುವುದು. ಯಾರ್ಬುಸ್ ತೋರಿಸಿದಂತೆ, ಯಾವ ಪ್ರಶ್ನೆಯನ್ನು ಇಟ್ಟುಕೊಂಡು ನೋಡುವೆವೋ ಅದೇ ಕಾಣುವುದು. 'ಯಾರು ತೂಕಡಿಸಿದರು?' ಎಂದು ಕೇಳಿದವನಿಗೆ ಅಪರಾಧಿ ಕಾಣುವನು, 'ಏಕೆ ತೂಕಡಿಸಿದನು?' ಎಂದು ಕೇಳಿದವನಿಗೆ ಗೋದಾಮಿನ ಬಾಗಿಲು ಕಾಣುವುದು.

ಎರಡನೆಯ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳಲು ಹೊಸ ವಿದ್ಯೆಯೇನೂ ಬೇಕಾಗಿಲ್ಲ. ಯೂರೋಪಿನ ಒಕ್ಕೂಟದ ೨೦೦೬ರ ನಿಬಂಧನೆಯಂತೆ ಲಾರಿ ಬಸ್ಸುಗಳವರು ನಾಲ್ಕೂವರೆ ಗಂಟೆ ನಡೆಸಿದ ಮೇಲೆ ಮುಕ್ಕಾಲು ಗಂಟೆ ವಿರಮಿಸಬೇಕು. ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಯೇ ಮಿತಿ. ನಮ್ಮ ದೇಶದಲ್ಲಿಯೂ ೧೯೬೧ರಲ್ಲಿ ಪಾರ್ಲಿಮೆಂಟು ಮಾಡಿದ ಮೋಟಾರು ಸಾರಿಗೆ ಕೆಲಸಗಾರರ ಕಾನೂನು ದಿನಕ್ಕೆ ಎಂಟು ಗಂಟೆಯೆಂದು ವಿಧಿಸಿತ್ತು. ಅದನ್ನು ಅಳೆಯಲು ಬೇಕಾದುದು ಗಡಿಯಾರ. ಗಡಿಯಾರವು ಕ್ಯಾಮರಕ್ಕಿಂತ ಅಗ್ಗ. ಆದರೆ ಗಡಿಯಾರದ ಷೇರನ್ನು ಯಾರೂ ಕೊಳ್ಳುವುದಿಲ್ಲ; ಅದು ಡ್ರೈವರನೊಬ್ಬನನ್ನೇ ನೋಡದೆ ಯಜಮಾನನನ್ನೂ ನೋಡುವುದು.

ಮರುದಿನ ಸಂಜೆ ಇಬ್ಬರನ್ನೂ ಕೂಡಿಸಿ, ನಮಗೆ ತೋರಿದುದನ್ನು ಹೇಳಿದೆವು. ಮೊದಲನೆಯದು: ಹಿರಿಯನ ಮಗಳ ಮದುವೆಗೂ ಕಿರಿಯನ ಮಕ್ಕಳ ಓದಿಗೂ ಬೇಕಾದ ಹಣವನ್ನು ಯಾವ ಪೇಟೆಗೂ ಒಯ್ಯಬಾರದು. ಎರಡನೆಯದು: ಯಂತ್ರ ಒಳ್ಳೆಯದೆಂಬುದು ಬೇರೆ, ಆ ಕಂಪೆನಿಯ ಷೇರು ಒಳ್ಳೆಯದೆಂಬುದು ಬೇರೆ, ಮೊದಲನೆಯದು ನಿಜವಾಗಿದ್ದೂ ಎರಡನೆಯದು ಸುಳ್ಳಾಗಬಹುದು. ಮೂರನೆಯದು: ಇನ್ನೊಬ್ಬನ ಕಣ್ಣಿನ ಮೇಲೆ ಲಾಭವನ್ನು ನೆಚ್ಚುವವನಿಗೆ ಆ ಕಣ್ಣಿನ ನಿದ್ರೆಯನ್ನು ವಿಚಾರಿಸುವ ಋಣವುಂಟು. ಹತ್ತರಲ್ಲಿ ಒಂಬತ್ತು ಪಾಲನ್ನು ಠೇವಣಿಯಲ್ಲಿಡಲು ಇಬ್ಬರೂ ಒಪ್ಪಿದರು. ಉಳಿದ ಒಂದು ಪಾಲಿನ ತೀರ್ಮಾನವನ್ನು ನಾವು ಕಿರಿಯನಿಗೆ ಬಿಟ್ಟೆವು.

ಅವನು ಅಣ್ಣನ ಮುಖವನ್ನು ನೋಡಿ, “ಹಾಕು, ಅಣ್ಣಾ. ಹೋದರೆ ಹೋಗಲಿ. ಆ ಆಸನ ನಡುಗದಿದ್ದರೆ ನಾನು ಇಲ್ಲಿ ಕೂತಿರುತ್ತಿರಲಿಲ್ಲ. ಆದರೆ ಹುಡುಗನಿಗೆ ಒಂದು ಮಾತು ಹೇಳು. ಷೇರು ಕೊಂಡವರನ್ನು ವರ್ಷಕ್ಕೊಮ್ಮೆ ಸಭೆಗೆ ಕರೆಯುತ್ತಾರಂತಲ್ಲ, ಅಲ್ಲಿ ಹೋಗಿ ಕೇಳಲಿ. ಇಷ್ಟು ಜನಕ್ಕೆ ಎಚ್ಚರಿಕೆ ಕೊಟ್ಟೆವೆಂದು ಅವರ ಹತ್ತಿರ ಲೆಕ್ಕ ಇರುತ್ತದೆ. ಎಚ್ಚರಿಕೆ ಆದ ಮೇಲೆ ಎಷ್ಟು ಜನಕ್ಕೆ ಮಲಗುವುದಕ್ಕೆ ಬಿಟ್ಟರು, ಅದರ ಲೆಕ್ಕ ಇದೆಯೇ ಎಂದು ಕೇಳಲಿ” ಎಂದನು. ಹಿರಿಯನು ಆಗಲೇ ಮಗನಿಗೆ ಟೆಲಿಫೋನು ಮಾಡಿ ಈ ಮಾತನ್ನು ಹೇಳಿದನು. ಹುಡುಗನು ಕೇಳುತ್ತೇನೆಂದು ಒಪ್ಪಿಕೊಂಡಿದ್ದಾನೆ.

ಇನ್ನು ನಮ್ಮ ಮನೆಯ ಮಾತು. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಆದ ಅಪಘಾತಗಳು ೪,೬೧,೩೧೨. ಅವುಗಳಲ್ಲಿ ಮಡಿದವರು ೧,೬೮,೪೯೧ ಮಂದಿ. ಇದು ಸರ್ಕಾರವೇ ಪ್ರಕಟಿಸಿದ ಲೆಕ್ಕ. ಇವುಗಳಲ್ಲಿ ನಿದ್ರೆಯ ಪಾಲೆಷ್ಟಾದರೂ ಇರಲಿ, ಅದಕ್ಕೆ ಲಾರಿಯ ಯಜಮಾನರನ್ನು ಮಾತ್ರ ದೂರಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಮದುವೆಗೆಂದು ನಾವೇ ಒಂದು ಬಾಡಿಗೆಯ ಕಾರನ್ನು ಮಾಡಿಕೊಂಡು ಹೋದೆವು. ಬೆಳಗಿನ ನಾಲ್ಕಕ್ಕೆ ಹೊರಟು, ಹಗಲೆಲ್ಲ ಮದುವೆಯ ಮನೆಯವರ ಓಡಾಟಕ್ಕೂ ಅದೇ ಕಾರನ್ನು ಬಿಟ್ಟು, ರಾತ್ರಿಯ ಊಟವಾದ ಮೇಲೆ, ಇನ್ನೊಂದು ದಿನದ ಬಾಡಿಗೆ ಏಕೆಂದು ಆಗಲೇ ಹಿಂದಿರುಗಿದೆವು. ಡ್ರೈವರನಿಗೆ ಊಟವಾಯಿತೇ ಎಂದು ಎರಡು ಸಲ ಕೇಳಿದೆವು. ನಿದ್ರೆಯಾಯಿತೇ ಎಂದು ಒಂದು ಸಲವೂ ಕೇಳಲಿಲ್ಲ. ಹಿಂದಿನ ಆಸನದಲ್ಲಿ ನಾವೆಲ್ಲರೂ ಸುಖವಾಗಿ ಮಲಗಿದೆವು. ಕ್ಷೇಮವಾಗಿ ಮನೆ ಸೇರಿದುದು ಆ ಹುಡುಗನ ಪುಣ್ಯವೇ ಹೊರತು ನಮ್ಮ ವಿವೇಕವಲ್ಲ.

ಬಾಡಿಗೆ ಕೊಟ್ಟ ಮಟ್ಟಿಗೆ ನಾವೂ ಒಂದು ದಿನದ ಯಜಮಾನರೇ. ಆದುದರಿಂದ ಮದುವೆಗಾಗಲಿ ಯಾತ್ರೆಗಾಗಲಿ ವಾಹನವನ್ನು ಮಾಡಿಕೊಂಡು ಹೋಗುವ ಗೃಹಸ್ಥರು ಡ್ರೈವರನ ಊಟದ ಎಲೆಯ ಜೊತೆಗೆ ಒಂದು ಚಾಪೆಯನ್ನೂ, ಅದನ್ನು ಹಾಸಲು ನೆರಳಿರುವ ಒಂದು ಮೂಲೆಯನ್ನೂ ಒದಗಿಸಬೇಕು. ಅವನು ಮಲಗಿ ಏಳುವವರೆಗೆ ಹೊರಡಬಾರದು. ಇದಕ್ಕೆ ಬಂಡವಾಳ ಬೇಕಾಗಿಲ್ಲ. ಲಂಡನ್ನಿನ ಸಭೆಯಿಂದ ನಮ್ಮ ಹುಡುಗನಿಗೆ ಯಾವ ಉತ್ತರ ಬಂದರೂ ಅದನ್ನು ಈ ಪುಟದಲ್ಲಿಯೇ ತಿಳಿಸುತ್ತೇವೆಂದು ವಾಚಕರಲ್ಲಿ ವಿಜ್ಞಾಪಿಸಿ, ಈ ತಿಂಗಳಿಗೆ ಲೇಖನಿಯನ್ನು ಕೆಳಗಿಡುತ್ತೇವೆ.